ಮೊಮ್ಮಗಳಿಗೆ ಕಲಿಸಿದ ಬೈಗುಳ

ಮೊಮ್ಮಗಳು ಕನ್ನಡ ಕಲಿಸು ಅಂತ ನನ್ನ ಹತ್ತಿರ ಬಂದದ್ದು ಬೈಯಲಿಕ್ಕೆ. ತೆವಳುವ ಕೂಸಿದ್ದಾಗಿನಿಂದ ಅವಳನ್ನು ಸಾಕಿದವಳು ನಾನು. ಅಷ್ಟು ವರ್ಷವೂ ನಾನು ಕನ್ನಡದಲ್ಲಿ ಕೇಳುವುದು, ಅವಳು ಮರಾಠಿಯಲ್ಲಿ ಇಲ್ಲವೇ ಹಿಂದಿಯಲ್ಲಿ ಉತ್ತರ ಕೊಡುವುದು. ಉಣ್ಣುತ್ತೀಯೇನು ಅಂದರೆ ನಕೋ, ಬೇಡ ಅಂತ. ಎಲ್ಲಿಗೆ ಹೊರಟೆ ಅಂದರೆ ಸ್ಟೇಷನ್. ಅದರಿಂದ ನನಗೆ ದುಃಖವಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಮಾತು ತಿಳಿಯುತ್ತಿತ್ತು, ಕೆಲಸ ನಡೆಯುತ್ತಿತ್ತು.

ನನಗೆ ಅಕ್ಷರ ಅರ್ಧಂಬರ್ಧ. ಮುದುಕಿಯಾದ ಮೇಲೆ ಡೊಂಬಿವಲಿಯಲ್ಲಿ ಒಂದು ಸಂಘದವರು ಭಾನುವಾರ ಕಲಿಸುತ್ತಿದ್ದರು, ಅಲ್ಲಿ ಕಲಿತದ್ದು. ಒತ್ತಕ್ಷರ ಇನ್ನೂ ಕೈಗೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ ಸಣ್ಣ ಸಣ್ಣ ಮಾತಿನಲ್ಲಿ ಬರೆಯುತ್ತೇನೆ.

ನಮ್ಮದು ಮುಂಬಯಿ ಹತ್ತಿರದ ಕಲ್ಯಾಣ ಪೂರ್ವದಲ್ಲಿ, ಚಾಳಿನ ಒಂದು ಖೋಲಿ, ಒಂದು ಅಡುಗೆಕಟ್ಟೆ. ಹುಡುಗಿಯ ತಾಯಿ ಕಾಮಾಲೆಯಿಂದ ಸತ್ತಾಗ ಹುಡುಗಿ ಇನ್ನೂ ತೆವಳುತ್ತಿತ್ತು. ತಂದೆ, ಅಂದರೆ ನನ್ನ ಮಗ, ಪನವೇಲ ಕಡೆ ಕಟ್ಟಡಗಳಿಗೆ ಸೆಂಟ್ರಿಂಗ್ ಹೊಡೆಯುತ್ತಾನೆ. ಅಲ್ಲೇ ತಗಡಿನ ಶೆಡ್ಡಿನಲ್ಲಿ ಮಲಗುತ್ತಾನೆ, ರಜೆ ಸಿಕ್ಕಾಗ ಬರುತ್ತಾನೆ. ನಾನೂ ಮೊದಲು ಕಟ್ಟಡದ ಕೆಲಸದವಳು. ನವಿ ಮುಂಬಯಿಯಲ್ಲಿ ಈಗ ಕಾಣುವ ಕಟ್ಟಡಗಳಲ್ಲಿ ಎಷ್ಟೋ ಕಟ್ಟಡಕ್ಕೆ ತಲೆಯ ಮೇಲೆ ಗಮೇಲಾ ಹೊತ್ತಿದ್ದೇನೆ. ಗಮೇಲಾ ಅಂದರೆ ಕಾಂಕ್ರೀಟಿನ ಕಬ್ಬಿಣದ ಬುಟ್ಟಿ. ಮೊಣಕಾಲು ಹೋದ ಮೇಲೆ ಮನೆಯಲ್ಲಿ ಕುಳಿತೆ.

ಹುಡುಗಿ ಬಿ.ಕಾಂ. ಮಾಡಿಕೊಂಡು ಐರೋಲಿಯಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದಳು. ಯಾವುದೋ ಕಾರ್ಡಿನ ಕಂಪನಿ. ಜನ ಫೋನ್ ಮಾಡಿ ಬೈಯುತ್ತಾರೆ, ಇವಳು ಸಾರಿ ಸರ್, ಸಾರಿ ಮ್ಯಾಡಮ್ ಅನ್ನಬೇಕು. ಅಲ್ಲಿ ಅವಳಿಗೆ ಬೇರೆ ಹೆಸರು ಕೊಟ್ಟಿದ್ದಾರೆ. ಮಾತೆಲ್ಲ ರೆಕಾರ್ಡ್ ಆಗುತ್ತದೆ. ದನಿ ಸ್ವಲ್ಪ ಏರಿದರೂ ಮಾರ್ಕು ಕಡಿಮೆ. ನಸುಕಿನ ಪಾಳಿ. ಕತ್ತಲಿರುವಾಗ ಹೋಗಿ ಠಾಣೆ ಸ್ಟೇಷನ್ನಿನಲ್ಲಿ ರೇಲ್ವೆ ಗಾಡಿ ಬದಲಿಸಿ, ಮಧ್ಯಾಹ್ನ ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಮರಳಿ ಬರುತ್ತಾಳೆ. ಬಂದು ಕಾಲು ತೊಳೆದು ಗೋಡೆಗೆ ಒರಗಿದಳೆಂದರೆ ಫೋನಿನಲ್ಲಿ ಬಂದೂಕಿನ ಆಟ.

ಆ ಆಟ ನೋಡಿ ನೋಡಿ ನನಗೂ ತಿಳಿದಿದೆ. ನಾಲ್ಕು ಜನರ ಗುಂಪು. ವಿಮಾನದಿಂದ ಒಂದು ನಡುಗಡ್ಡೆಗೆ ಹಾರುತ್ತಾರೆ, ಬೇರೆ ಗುಂಪಿನವರನ್ನು ಕೊಲ್ಲುತ್ತಾರೆ, ಕೊನೆಗೆ ಉಳಿದ ಗುಂಪು ಗೆಲ್ಲುತ್ತದೆ. ಗುಂಪಿನವನು ಗುಂಡು ತಿಂದು ಬಿದ್ದರೆ ಉಳಿದವರು ಹತ್ತಿರ ಹೋಗಿ ಎಬ್ಬಿಸಬಹುದು. ಗೆದ್ದರೆ ಮೆಟ್ಟಿಲು ಏರುತ್ತದೆ, ಸೋತರೆ ಇಳಿಯುತ್ತದೆ. ಆಡುತ್ತಲೇ ಒಬ್ಬರ ಜೊತೆ ಒಬ್ಬರು ಮಾತಾಡಬಹುದು. ಇವಳ ಗುಂಪಿನಲ್ಲಿ ಇನ್ನಿಬ್ಬರು ಹುಡುಗಿಯರು ಖಾಯಂ. ಒಬ್ಬಳು ನಾಸಿಕದವಳು, ಇನ್ನೊಬ್ಬಳು ಭೋಪಾಲದವಳು. ಅವರ ಮುಖ ಇವಳು ನೋಡಿಲ್ಲ. ನಾಲ್ಕನೆಯ ಜಾಗಕ್ಕೆ ಯಂತ್ರವೇ ಯಾರನ್ನಾದರೂ ತಂದು ಕೂಡಿಸುತ್ತದೆ. ಇವಳ ಬೈಗುಳವೆಲ್ಲ ಆ ನಾಲ್ಕನೆಯವನಿಗೆ.

ಶತ್ರುವಿಗೆ ಯಾಕೆ ಬೈಯುವುದಿಲ್ಲ ಅಂತ ಒಮ್ಮೆ ಕೇಳಿದೆ. ಶತ್ರು ಅವನ ಕೆಲಸ ಮಾಡುತ್ತಾನೆ, ಅವನಿಗೆ ಯಾಕೆ ಬೈಯಲಿ ಅಂದಳು. ಅದು ನನಗೆ ಚೆನ್ನಾಗಿ ತಿಳಿಯಿತು. ನಾವು ಸಾಲಾಗಿ ನಿಂತು ಕೈಯಿಂದ ಕೈಗೆ ಗಮೇಲಾ ದಾಟಿಸುವಾಗ ಸೇಠನಿಗೆ ಯಾರೂ ಬೈದದ್ದಿಲ್ಲ. ಕೂಲಿಯವರ ಮೇಲೆ ನಿಗಾ ಇಡುವ ಮುಕಾದಮನಿಗೂ ಇಲ್ಲ. ಸಾಲಿನಲ್ಲಿ ಯಾವಳ ಕೈ ಜಾರಿತೋ ಅವಳ ತಾಯಿ ತಂದೆ, ಹುಟ್ಟಿದ ಗಳಿಗೆ, ಎಲ್ಲ ಎತ್ತಿ ಆಡುತ್ತಿದ್ದೆವು. ಸ್ಲ್ಯಾಬು ಕೆಟ್ಟರೆ ಯಾರಿಂದ ಕೆಟ್ಟಿತು ಅಂತ ಮುಕಾದಮ ಕೇಳುತ್ತಾನೆ. ಆಗ ಹೇಳಲಿಕ್ಕೆ ಒಬ್ಬಳ ಹೆಸರು ಎಲ್ಲರ ಬಾಯಲ್ಲೂ ತಯಾರಿರಬೇಕು. ಇವಳದೂ ಅದೇ. ಆಟ ಸೋತ ಕೂಡಲೇ, ತನ್ನಿಂದ ಅಲ್ಲ ಅನ್ನುವುದು ಗಟ್ಟಿಯಾಗಬೇಕು. ಮೆಟ್ಟಿಲು ಇಳಿದಿತ್ತು, ಇಳಿಸಿದವನು ನಾಲ್ಕನೆಯವನು.

ಇನ್ನೊಂದೂ ಇತ್ತು. ಹೆಣ್ಣಿನ ದನಿ ಕೇಳಿದ ಕೂಡಲೇ ಕೆಲವರು ಹೋಗಿ ಅಡುಗೆ ಮಾಡು ಅನ್ನುತ್ತಾರಂತೆ. ನಂಬರು ಕೇಳುತ್ತಾರಂತೆ. ಬರೆಯಲಾಗದ್ದನ್ನೂ ಅನ್ನುತ್ತಾರೆ, ನಾನೇ ಕೇಳಿದ್ದೇನೆ. ಮೊದಲು ಇವಳೇ ಬೈದುಬಿಟ್ಟರೆ, ಇವಳ ಸುದ್ದಿ ಬೇಡ ಅಂತ ಸುಮ್ಮನಾಗುತ್ತಾರೆ. ಕಲ್ಯಾಣದ ನಾಕಾದಲ್ಲಿ, ರಸ್ತೆ ಕೂಡುವಲ್ಲಿ, ಕೂಲಿಗೆ ನಿಲ್ಲುತ್ತಿದ್ದಾಗ ನಾನೂ ಹೀಗೆಯೇ ಬಾಯಿ ಇಟ್ಟುಕೊಂಡಿದ್ದೆ. ಒಳ್ಳೆಯ ಬಾಯಿಯ ಹೆಂಗಸಿಗೆ ಅಲ್ಲಿ ನಿಲ್ಲಲಿಕ್ಕಾಗುತ್ತಿರಲಿಲ್ಲ.

ಆದರೆ ಬೈದ ಮೇಲೆ ಅವಳ ಮುಖದಲ್ಲಿ ಏನೂ ಬದಲಾಗುತ್ತಿರಲಿಲ್ಲ. ನನಗಾದರೆ ಬೈದ ಮೇಲೆ ಹಸಿವಾಗುತ್ತಿತ್ತು. ಸಮಾಧಾನ ಆತೇನ ಅಂತ ಕೇಳಿದರೆ, ಪತಾ ನಹೀ ಅನ್ನುತ್ತಿದ್ದಳು. ಗೊತ್ತಿಲ್ಲ ಅಂತ.

ಹಿಂದಿಯಲ್ಲಿ ಬೈದು ಬೈದು ಎರಡು ಸಲ ಸಿಕ್ಕಿಬಿದ್ದಳು. ಬೈಸಿಕೊಂಡವರು ದೂರಿನ ಗುಂಡಿ ಒತ್ತುತ್ತಾರೆ, ಆಟದ ಕಂಪನಿಯವರು ಬಾಯಿ ಬಂದ್ ಮಾಡುತ್ತಾರೆ. ಕೆಲವು ದಿನ ಆಡಬಹುದು, ಮಾತಾಡುವಂತಿಲ್ಲ. ಎರಡನೆಯ ಸಲ ಎಚ್ಚರಿಕೆ ಬಂತು. ಇನ್ನೊಮ್ಮೆ ದೂರು ಬಂದರೆ ಐಡಿಯೇ ಹೋಗುತ್ತದೆ.

ಐಡಿ ಹೋದರೆ ಇನ್ನೊಂದು ಮಾಡಿಕೊ ಅಂದೆ. ಅವಳು ನನ್ನನ್ನು ನೋಡಿದ ರೀತಿ, ಮನೆ ಸುಟ್ಟರೆ ಇನ್ನೊಂದು ಕಟ್ಟಿಕೊ ಅಂದ ಹಾಗೆ. ಕಾಲೇಜಿಗೆ ಹೋಗುವಾಗಿನಿಂದ ಕಟ್ಟಿದ ಐಡಿ. ಹೊಸದಾದರೆ ಕೆಳಗಿನ ಮೆಟ್ಟಿಲಿನಿಂದ ಶುರು. ಅಷ್ಟು ಕೆಳಗಿನವರು ಮೇಲಿನವರ ಜೊತೆ ಆ ಆಟ ಆಡಲಿಕ್ಕೆ ಬರುವುದಿಲ್ಲ. ನಾಸಿಕದವಳು, ಭೋಪಾಲದವಳು ಇವಳಿಗಾಗಿ ಕೆಳಗೆ ಇಳಿದು ಕಾಯುವುದಿಲ್ಲ. ಅವರಿಗೆ ಇವಳ ನಿಜವಾದ ಹೆಸರು ಗೊತ್ತಿಲ್ಲ, ಇವಳಿಗೆ ಅವರದು ಗೊತ್ತಿಲ್ಲ. ಇವಳಿಗೆ ಬೇರೆ ಗೆಳತಿಯರೂ ಇಲ್ಲ. ಹೀಗೆ ಅವಳೇ ಬಿಡಿಸಿ ಹೇಳಿದಳು.

ಅದೇ ಹೊತ್ತಿಗೆ ಒಂದು ದಿನ ಬೆಕ್ಕು ಒಣಗಿಸಲಿಕ್ಕೆ ಇಟ್ಟಿದ್ದ ಬೊಂಬಿಲ್ ಮೀನು ಕಚ್ಚಿಕೊಂಡು ಓಡಿತು. ನಾನು ಬಾಗಿಲಲ್ಲಿ ನಿಂತು ಬೈದೆ.

“ಏ ಭಾಡ್ಯಾ, ನಿನ್ನ ಕೈ ಸೇದಿ ಹೋಗಲಿ. ನಿನ್ನ ಬಾಯಾಗ ಮಣ್ಣ ಬೀಳಲಿ. ನಿನ್ನ ಹೆಣಾ ಎತ್ತಲಿ.”

ಒಳಗೆ ಹುಡುಗಿ ನಕ್ಕಳು. ಬಹಳ ದಿನದ ಮೇಲೆ ಕೇಳಿದ ನಗು. ಹೊರಗೆ ಬಂದು, ಇನ್ನೊಮ್ಮೆ ಹೇಳು ಅಂದಳು. ಹೇಳಿದೆ. ಸೇದಿ ಹೋಗುವುದು ಅಂದರೇನು ಅಂದಳು. ಕೈ ಸೆಟೆದು ಕಟ್ಟಿಗೆ ಆಗುವುದು ಅಂದೆ. ಅವಳು ಬೆರಳು ಆಡಿಸಿ ನೋಡಿಕೊಂಡಳು. ಆ ಆಟ ಪೂರ್ತಿ ಬೆರಳಿನದೇ. ಅವಳ ತಲೆಯಲ್ಲಿ ಏನು ಹೊಳೆಯಿತು ಅಂತ ಆಗಲೇ ನನಗೆ ಗೊತ್ತಾಯಿತು. ಈ ಭಾಷೆ ಯಂತ್ರಕ್ಕೂ ತಿಳಿಯುವುದಿಲ್ಲ, ನಾಲ್ಕನೆಯವನಿಗೂ ತಿಳಿಯುವುದಿಲ್ಲ. ತಿಳಿಯದ್ದಕ್ಕೆ ಯಾರು ದೂರು ಕೊಡುತ್ತಾರೆ?

ಕಲಿಸಿದೆ. ಸಂತೋಷದಿಂದಲೇ ಕಲಿಸಿದೆ. ಅವಳು ಊಟ ಮಾಡಿ ಪಕ್ಕದಲ್ಲಿ ಕೂರುತ್ತಿದ್ದಳು, ನಾನು ಅಕ್ಕಿ ಆರಿಸುತ್ತ ಒಂದೊಂದೇ ಹೇಳುತ್ತಿದ್ದೆ. ಮೊದಲು ಅವಳ ಬಾಯಲ್ಲಿ ಹೆಣ ಅನ್ನುವುದು ಮರಾಠಿಯ ಹಾಗೆ ಹೊರಳುತ್ತಿತ್ತು. ತಿದ್ದಿದೆ. ಬೈಯುವಾಗ ಕೊನೆಯ ಮಾತನ್ನು ಎಳೆಯಬೇಕು, ಇಲ್ಲದಿದ್ದರೆ ಹತ್ತುವುದಿಲ್ಲ ಅಂತ ತೋರಿಸಿದೆ. ಸುಡುಗಾಡು, ಮಣ್ಣು, ಬೆಂಕಿ, ಹೆಣ. ನನ್ನ ಹತ್ತಿರ ಇದ್ದದ್ದು ಇವೇ. ಇವುಗಳಿಂದಲೇ ಅವಳು ಕನ್ನಡ ಕಲಿತಳು. ಬಾ, ಹೋಗು, ನೀರು ಕೊಡು ಅನ್ನುವುದನ್ನು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಹೆಂಗಸು ಇದ್ದಾಳೆ. ಗಂಡ ಠಾಣೆಯಲ್ಲಿ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ. ಇಡೀ ಚಾಳಿನಲ್ಲಿ ನಮ್ಮ ಬೈಗುಳ ತಿಳಿಯುವವಳು ಅವಳೊಬ್ಬಳೇ. ಮೊಮ್ಮಗಳಿಗೆ ಅವಳು ಪುಳ್ಳಿ ಅನ್ನುತ್ತಾಳೆ. ಒಂದು ಮಧ್ಯಾಹ್ನ ಬಂದು ಹೊಸ್ತಿಲ ಹೊರಗೆ ನಿಂತಳು.

“ಅಲ್ಲ ಅಜ್ಜಿ, ನಿಮ್ಮ ಪುಳ್ಳಿ ಯಾರ ಹೆಣ ಎತ್ತಿಸುವುದು ದಿನಾ? ಇವರಿಗೆ ಇವತ್ತು ರಜೆ ಮಾರಾಯ್ರೆ, ಅನ್ನಕ್ಕೆ ಕೈ ಹಾಕುವಾಗ ಸರಿಯಾಗಿ ಬಾಯಿಗೆ ಮಣ್ಣು ಅಂತ ಕೇಳಿತು.”

“ಅದು ಫೋನಿನಾಗಿನವ್ರಿಗೆವ್ವಾ. ನಿನ್ನ ಗಂಡಗಲ್ಲ.”

“ಫೋನಿನವರಿಗಾದರೆ ಸ್ವಲ್ಪ ಸಣ್ಣ ಸ್ವರದಲ್ಲಿ ಬೈಯಲಿಕ್ಕೆ ಹೇಳಿ.”

ಅವಳು ಕೆಟ್ಟವಳಲ್ಲ. ಹಬ್ಬಕ್ಕೆ ಕಡುಬು ತಂದು ಕೊಡುತ್ತಾಳೆ, ಹೊಸ್ತಿಲ ಹೊರಗಿನಿಂದ. ಬಂದ ಹೊಸದರಲ್ಲಿ, ನೀವು ಆ ಕಡೆಯಲ್ಲಿ ಯಾವ ಪೈಕಿ ಅಂತ ಕೇಳಿದ್ದಳು. ನಾನು ಕೂಲಿ ಪೈಕಿ ಅಂದಿದ್ದೆ. ಅವಳು ನಕ್ಕಳು. ಈ ಪ್ರಶ್ನೆಯನ್ನು ನಾನು ಈ ಊರಿಗೆ ಬಂದಾಗಿನಿಂದ ಹೀಗೆಯೇ ದಾಟಿಸುತ್ತ ಬಂದಿದ್ದೇನೆ. ರೇಲ್ವೆಯಲ್ಲಿ, ನಾಕಾದಲ್ಲಿ, ಆಸ್ಪತ್ರೆಯ ಸಾಲಿನಲ್ಲಿ. ಕನ್ನಡ ಕೇಳಿದ ಕೂಡಲೇ ನಮ್ಮವರು ಯಾವೂರು ಅನ್ನುತ್ತಾರೆ. ಯಾವೂರು ಆದ ಮೇಲೆ ಯಾರ ಪೈಕಿ ಅನ್ನುತ್ತಾರೆ. ನಾನು ಯಾವೂರಿಗೆ ಬಿಜಾಪುರ ಅಂದುಬಿಡುತ್ತೇನೆ. ದೊಡ್ಡ ಊರಿನಲ್ಲಿ ಯಾರೂ ಯಾರನ್ನೂ ಹುಡುಕಲಾರರು.

ಇವಳಿಗೆ ಆ ಆಟ ಯಾಕೆ ಅಷ್ಟು ಬೇಕು ಅಂತ ಒಂದು ದಿನ ಅವಳೇ ಹೇಳಿದ್ದಳು. ಯಾರ ಪೈಕಿ ಅಂತ ತಿಳಿಯಲಿಕ್ಕೆ ಅಲ್ಲಿ ಯಾರೂ ಅಡ್ಡಹೆಸರು ಕೇಳುವುದಿಲ್ಲ. ಆಫೀಸಿನಲ್ಲಿ ಬೇರೆ ಹೆಸರು ಕೊಟ್ಟಿದ್ದರೂ, ಊಟದ ಡಬ್ಬಿ ಬಿಚ್ಚುವಾಗ ಅಡ್ಡಹೆಸರು ಕೇಳುವವರು ಕೇಳಿಯೇ ಕೇಳುತ್ತಾರೆ. ಆಟದಲ್ಲಿ ಇವಳು ಯಾರಿಗಾದರೂ ಬೈಯಬಹುದು, ಯಾರಾದರೂ ಇವಳಿಗೆ ಬೈಯಬಹುದು. ನಾನು ಊರಲ್ಲಿದ್ದಾಗ ನಮ್ಮ ಕೇರಿಯವರಿಗೆ ಮಾತ್ರ ಬೈಯುತ್ತಿದ್ದೆ. ಮೇಲಿನ ಓಣಿಯವರಿಗೆ ಮನಸ್ಸಿನಲ್ಲೂ ಬೈದದ್ದಿಲ್ಲ, ಎಲ್ಲಿ ಕೇಳಿಸೀತೋ ಅಂತ.

ಒಂದು ದಿನ ಹುಡುಗಿಗೆ ರಜೆ ಇತ್ತು. ಮಧ್ಯಾಹ್ನ. ಕರೆಂಟು ಇರಲಿಲ್ಲ, ಬಾಗಿಲು ತೆರೆದಿತ್ತು. ಕಿವಿಯ ವೈರು ಬೆವರಿಗೆ ಜಾರುತ್ತದೆ ಅಂತ ಅದನ್ನು ತೆಗೆದಿಟ್ಟು ದನಿ ಹೊರಗೆ ಬಿಟ್ಟುಕೊಂಡು ಆಡುತ್ತಿದ್ದಳು. ನಾನು ಸ್ಟೋವಿನ ಮೇಲೆ ಹಾಲಿಟ್ಟಿದ್ದೆ. ಹಿಂದಿನ ದಿನ ಆಫೀಸಿನಲ್ಲಿ ಒಬ್ಬ ಗಿರಾಕಿ ಇವಳನ್ನು ಅಳು ಬರುವ ಹಾಗೆ ಬೈದಿದ್ದನಂತೆ. ಇವಳು ಅಳದೆ ಥ್ಯಾಂಕ್ಯೂ ಸರ್ ಅಂದಳಂತೆ, ಅದಕ್ಕೆ ಮಾರ್ಕು ಬಂತಂತೆ. ಅದನ್ನು ಹೇಳುವಾಗಲೂ ಮುಖ ಗೋಡೆಯ ಹಾಗೆ ಇತ್ತು.

ಆಟದಲ್ಲಿ ಇವರ ಗುಂಪು ಕೊನೆಯ ತನಕ ಬಂದಿತ್ತು. ಇವಳು ಗುಂಡು ತಿಂದು ಬಿದ್ದಳು. ನಾಲ್ಕನೆಯವನು ಹತ್ತಿರವೇ ಇದ್ದ. ಎಬ್ಬಿಸಲಿಲ್ಲ. ಬೇರೆ ಕಡೆ ಓಡಿಹೋಗಿ ತಾನೂ ಸತ್ತ. ಆಟ ಮುಗಿಯಿತು.

ಇವಳು ನಾನು ಕಲಿಸಿದ್ದನ್ನೆಲ್ಲ ಒಂದೂ ಬಿಡದೆ ಅಂದಳು. ಕೈ ಸೇದುವುದರಿಂದ ಹಿಡಿದು ಹೆಣದ ತನಕ. ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದಳು. ನಾನು ತಿರುಗಿ ನೋಡಿದೆ. ಚೆನ್ನಾಗಿ ಅಂದಳು ಅಂತ ಅನ್ನಿಸಿತು.

ಫೋನಿನಿಂದ ಆ ನಾಲ್ಕನೆಯವನ ದನಿ ಬಂತು, ಗಂಡಸಿನದು.

“ಏ ತಂಗಿ, ಎಲ್ಲೀಕಿ ನೀನು? ಪಕ್ಕಾ ನಮ್ಮ ಕಡೀ ಬೈಗಳಾ ಬೈದೆಲಾ.”

ದನಿಯಲ್ಲಿ ನಗು ಇತ್ತು. ಹುಡುಗಿಯ ಕೈ ಹಾಗೇ ನಿಂತಿತು. ಅವನಿಗೆ ಎಲ್ಲ ತಿಳಿದಿದೆ. ಅವನು ಗುಂಡಿ ಒತ್ತಿದರೆ ಐಡಿ ಹೋಯಿತು. ಎಲ್ಲಿಯವಳು ಅಂತ ಕೇಳಿದ್ದು ಅವಳಿಗೆ ತಿಳಿದಿತ್ತು. ಉತ್ತರ ಕೊಡಲಿಕ್ಕೆ ಅವಳ ಹತ್ತಿರ ಕನ್ನಡವೇ ಇರಲಿಲ್ಲ. ಇದ್ದದ್ದು ಹೆಣ, ಮಣ್ಣು. ಫೋನನ್ನು ನನ್ನ ಕಡೆ ಚಾಚಿದಳು.

“ಆಜಿ, ತೂ ಬೋಲ್ ನಾ,” ಅಂದಳು, ಅಜ್ಜಿ ನೀನೇ ಮಾತಾಡು ಅಂತ. ದೂರು ಕೊಡಬೇಡ ಅಂತ ಹೇಳು ಅಂತ ಕೈಸನ್ನೆ ಮಾಡಿದಳು.

ನಾನು ಫೋನನ್ನು ನೆಲದ ಮೇಲಿಟ್ಟು ಬಗ್ಗಿ ಮಾತಾಡಿದೆ. ಹುಡುಗಿಗೆ ಬೈಗುಳ ಕಲಿಸಿದವಳು ನಾನು, ಅವಳಿಗೆ ಬೇರೆ ಕನ್ನಡ ಬರುವುದಿಲ್ಲ, ಸಿಟ್ಟಿಗೆ ಅಂದಳು, ದೂರು ಕೊಡಬೇಡಪ್ಪಾ ಅಂದೆ. ಅವನು ಜೋರಾಗಿ ನಕ್ಕ. ತಾನು ತಳೋಜಾದಲ್ಲಿ ಒಂದು ಗೋದಾಮಿನ ಸುಪರ್‌ವೈಸರ್, ಈ ಕಡೆ ಬಂದ ಮೇಲೆ ಇಂಥ ಬೈಗುಳ ಕೇಳಿಯೇ ಇರಲಿಲ್ಲ ಅಂದ.

“ಬಿಡ ಆಯಿ, ನಮ್ಮ ಹುಡುಗಿ ಅದಾಳ. ನಾ ಯಾಕ ಕಂಪ್ಲೇಂಟ್ ಮಾಡ್ಲಿ? ಯಾವೂರು ನಿಮ್ದು?”

ಬಿಜಾಪುರ ಅಂದೆ.

“ಬಿಜಾಪುರದವ್ರು ಸೇದಿ ಹೋಗಲಿ ಅನ್ನೂದಿಲ್ಲ ಆಯಿ. ಇಂಡಿ ಕಡಿಯವ್ರು ನೀವು. ಇಂಡ್ಯಾಗ ಯಾವೂರು?”

ಆಗ ನನ್ನ ಬಾಯಿ ಊರಿನ ಹೆಸರು ಹೇಳಿಬಿಟ್ಟಿತು. ಯಾಕೆ ಅಂದರೆ, ಅವನ ಮಾತು ಹಾಗಿತ್ತು. ಆಯಿ ಅನ್ನುವಾಗ ನನ್ನ ತಮ್ಮಂದಿರು ಎಳೆಯುವ ಹಾಗೆ ಎಳೆಯುತ್ತಿದ್ದ. ಅವನ ಊರು ನಮ್ಮ ಊರಿನ ಹಳ್ಳದ ಆಚೆ ದಂಡೆ. ನಮ್ಮ ಊರಿನ ಶಾಲೆಗೇ ಅವನು ನಡೆದು ಬರುತ್ತಿದ್ದನಂತೆ. ಹಳ್ಳಕ್ಕೆ ಈಗ ಸೇತುವೆ ಆಗಿದೆ ಅಂದ. ಹೌದೇನು ಅಂದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕೈಯಿಂದ ಪರವಾಗಿಲ್ಲ ಅಂತ ತೋರಿಸಿದೆ. ಅವಳು ಗೋಡೆಗೆ ಒರಗಿದಳು. ಐಡಿ ಉಳಿಯಿತು ಅಂತ ಅವಳೂ ತಿಳಿದಳು, ನಾನೂ ತಿಳಿದೆ.

ಆಮೇಲೆ ಅವನು ಕೇಳಿದ.

“ಆ ಊರಾಗ ನೀವು ಅಗಸಿ ಒಳಗಿನವ್ರೋ, ಹೊರಗಿನವ್ರೋ?”

ಅಗಸಿ ಅಂದರೆ ಊರ ಬಾಗಿಲು. ಕಲ್ಲಿನದು, ದೊಡ್ಡದು. ಅದರ ಒಳಗೆ ಊರು. ಹೊರಗೆ ನಮ್ಮ ಕೇರಿ. ಪಕ್ಕದ ಊರಿನವನಿಗೆ ಇದಕ್ಕಿಂತ ಹೆಚ್ಚು ಕೇಳಬೇಕಾಗಿಲ್ಲ.

ಇದನ್ನು ದಾಟಿಸುವ ಮಾತು ನನ್ನ ಹತ್ತಿರ ಇರಲಿಲ್ಲ. ಕೂಲಿ ಪೈಕಿ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಒಳಗೆ ಅಂದರೆ ಯಾರ ಮನೆಯ ಪಕ್ಕ ಅನ್ನುತ್ತಾನೆ.

“ಹೊರಗ,” ಅಂದೆ.

“ಹಂಗ,” ಅಂದ ಅವನು. ಹುಡುಗಿ ಫೋನು ಎತ್ತಿ ನೋಡಿ, ಹೋದ ಅಂದಳು. ಹಾಲು ಉಕ್ಕಿತು, ನಾನು ಎದ್ದು ಸ್ಟೋವು ಆರಿಸಿದೆ.

ಹಾಲು ಒರೆಸಿ ಮುಗಿದಿರಲಿಲ್ಲ, ಫೋನು ಟಿಂಗ್ ಅಂದಿತು. ಅವನು ಬರೆದು ಕಳಿಸಿದ್ದ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ. ಆ ಅಕ್ಷರ ನನಗೆ ಬಾರದು. ಹುಡುಗಿಗೆ ಅಕ್ಷರ ಬರುತ್ತದೆ, ಉಣ್ಣು, ಎಲ್ಲಿಗೆ ಹೊರಟೆ ಅನ್ನುವ ಮನೆಮಾತಿನ ಆಚೆ ಕನ್ನಡ ತಿಳಿಯುವುದಿಲ್ಲ. ಉಪಕಾರದ ಮಾತು ಇರಬೇಕು ಅಂದುಕೊಂಡಳೋ ಏನೋ, ಜೋರಾಗಿ ಓದಿದಳು. ಮಕ್ಕಳು ಪಾಠ ಓದುವ ಹಾಗೆ ತಡೆದು ತಡೆದು.

“ಅಗಸಿ... ಹೊರಗಿನವರಿಗೆ... ಊರಾಗ... ಬಾಯಿ ಇದ್ದಿದ್ದಿಲ್ಲ. ಮುಂಬೈಕ... ಬಂದ ಮ್ಯಾಲ... ಬಾಯಿ ಬಂದದ. ಆ ಬಾಯಿ... ಮುಚ್ಚಸ್ತೀನಿ.”

ನಾನು ಒರೆಸುವ ಬಟ್ಟೆ ಹಿಂಡಿದೆ. ಇನ್ನೊಮ್ಮೆ ಓದಲೇನು ಅಂತ ಕೇಳಿದಳು. ಬೇಡ ಅಂದೆ. ಏನು ಬರೆದಿದ್ದಾನೆ ಅಂದಳು.

“ಬೈದಾನ.”

ಯಾವ ಬೈಗುಳ ಅಂದಳು. ಹೊಸದಾ? ನನಗೆ ಇದನ್ನು ಹೇಳಿಕೊಟ್ಟಿಲ್ಲವಲ್ಲ. ಅವಳ ದನಿಯಲ್ಲಿ ಕಲಿಯುವ ಆಸೆ ಇತ್ತು.

“ಹೊಸದಲ್ಲ. ಬಾಳ ಹಳೇದು. ಇದು ನಿನಗ ಬ್ಯಾಡ.”

ಕಾ, ಅಂದಳು. ಯಾಕೆ ಅಂತ. ನಾನು ಕಲಿಸಿದ ಬೈಗುಳಕ್ಕೆ ಎದುರಿಗಿರುವವನು ಯಾರು ಅಂತ ಗೊತ್ತಿರಬೇಕಾಗಿಲ್ಲ. ಬೆಕ್ಕಿಗೂ ನಡೆಯುತ್ತದೆ, ಸಾಲಿನಲ್ಲಿ ಕೈ ಜಾರಿದವಳಿಗೂ ನಡೆಯುತ್ತದೆ. ಅವನು ಬರೆದ ಈ ಬೈಗುಳಕ್ಕೆ ಮೊದಲು ಊರು ಕೇಳಬೇಕು, ಆಯಿ ಅನ್ನಬೇಕು, ಹಳ್ಳದ ಸುದ್ದಿ ಆಡಬೇಕು. ಇಷ್ಟೆಲ್ಲ ಅವಳಿಗೆ ಬಿಡಿಸಿ ಹೇಳಲಿಕ್ಕೆ ನನ್ನ ಹತ್ತಿರ ಮರಾಠಿಯೂ ಸಾಲದು.

ಮರುದಿನ ಅವಳು ಕೆಲಸದಿಂದ ಬಂದು ಫೋನು ತೆರೆದಳು. ಐಡಿ ಹೋಗಿತ್ತು. ಕೆಂಪು ಅಕ್ಷರದಲ್ಲಿ ಏನೋ ಬರೆದಿತ್ತು. ನನಗೆ ತೋರಿಸಿದಳು, ನಾನು ನೋಡಿದೆ. ಅವಳು ಅಳಲಿಲ್ಲ. ಕಾಲು ಚಾಚಿ ಕುಳಿತು ಫ್ಯಾನು ನೋಡಿದಳು. ನನಗೂ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಅಂತ ಈಗ ಬರೆಯುವಾಗ ತಿಳಿಯುತ್ತದೆ, ಆಗ ಇಲ್ಲ. ಊಟಕ್ಕೆ ಬಾ ಅಂದೆ. ನಕೋ ಅಂದಳು.

ನಾಸಿಕದವಳಿಗೂ ಭೋಪಾಲದವಳಿಗೂ ಸುದ್ದಿ ಮುಟ್ಟಿಸಲಿಕ್ಕೆ ಇವಳಿಗೆ ದಾರಿ ಇರಲಿಲ್ಲ. ಅವರ ನಂಬರು ಇಲ್ಲ. ಇದ್ದದ್ದು ಆಟದೊಳಗಿನ ಹೆಸರು. ಹೊಸ ಐಡಿ ಮಾಡಿ ಆ ಹೆಸರು ಹುಡುಕಿದಳು, ಬರೆದು ಕಳಿಸಿದಳು. ಯಾರೋ ಅಪರಿಚಿತರು ಅಂತ ಅವರು ತೆಗೆದು ಹಾಕಿರಬೇಕು. ಉತ್ತರ ಬರಲಿಲ್ಲ. ಅವರ ಗುಂಪಿಗೆ ಹೊಸ ಮೂರನೆಯವಳು ಬಂದಿದ್ದಾಳೆ ಅಂತ ಕೆಲವು ದಿನದ ಮೇಲೆ ಅವಳೇ ನೋಡಿ ಹೇಳಿದಳು. ಗಾಡಿ ತಡವಾಗಿದೆ ಅಂತ ಹೇಳುವ ಹಾಗೆ ಹೇಳಿದಳು.

ನನ್ನ ಮಗ ರಜೆಗೆ ಬಂದಾಗ, ಅಗಸಿ ಮ್ಹಣಜೆ ಕಾಯ್ ಅಂತ ಕೇಳಿದಳು. ಅಗಸಿ ಅಂದರೇನು. ಅವನು ತುತ್ತು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದ. ನಾನು ಸಾರಿನ ಪಾತ್ರೆ ನೋಡಿದೆ. ಊರ ಬಾಗಿಲು ಅಂದ ಅವನು, ಅಷ್ಟೇ. ಅವಳು ಮತ್ತೆ ಕೇಳಲಿಲ್ಲ. ಅವಳು ದಡ್ಡಿಯಲ್ಲ. ಕಾಲೇಜಿಗೆ ಸೇರುವಾಗ ಜಾತಿಯ ಕಾಗದಕ್ಕೆ ಕಚೇರಿ ಕಚೇರಿ ಅಲೆದವಳು ಅವಳೇ. ಬಾಗಿಲು ಅಂದರೆ ಒಳಗೂ ಇರುತ್ತದೆ, ಹೊರಗೂ ಇರುತ್ತದೆ. ಲೆಕ್ಕ ಹಾಕಿಕೊಂಡಿರಬೇಕು.

ಆಮೇಲೆ ಕೆಲವು ವಾರ ಮನೆ ತಣ್ಣಗಿತ್ತು. ಹೊಸ ಐಡಿಯಲ್ಲಿ ಕೆಳಗಿನ ಮೆಟ್ಟಿಲಿನ ಆಟ. ಅಲ್ಲಿ ಎದುರಿಗೆ ಬರುವವರು ಬಹಳ ಮಂದಿ ಮನುಷ್ಯರೇ ಅಲ್ಲವಂತೆ, ಯಂತ್ರವೇ ಮಾಡಿಬಿಟ್ಟ ಗೊಂಬೆಗಳಂತೆ. ಗುಂಡು ಹೊಡೆದರೆ ಸುಮ್ಮನೆ ಬೀಳುತ್ತವೆ. ಯಾರಿಗೆ ಬೈಯುವುದು? ಅವಳು ಬಾಯಿ ಮುಚ್ಚಿಕೊಂಡು ಗೊಂಬೆ ಕೊಲ್ಲುತ್ತಿದ್ದಳು.

ಉಡುಪಿಯವಳು ಹೊಸ್ತಿಲಿಗೆ ಬಂದಳು.

“ಈಗ ಸದ್ದೇ ಇಲ್ಲ ಅಜ್ಜಿ. ನಿಮ್ಮ ಹುಡುಗಿ ಸುಧಾರಿಸಿದಳು, ಒಳ್ಳೆಯದಾಯ್ತು.”

“ಹ್ಞೂಂ,” ಅಂದೆ.

ಒಂದೊಂದೇ ಮೆಟ್ಟಿಲು ಏರಿದ ಮೇಲೆ ಮನುಷ್ಯರು ಬರತೊಡಗಿದರು. ಒಂದು ಸಂಜೆ, ನಾನು ರೊಟ್ಟಿ ಮಾಡುತ್ತಿದ್ದೆ, ಅವಳ ಗುಂಪಿನಲ್ಲಿ ಒಬ್ಬ ಹುಡುಗ ಮಾತಾಡಿದ. ಒಳ್ಳೆಯ ದನಿ. ಹಿಂದಿ. ಚೆನ್ನಾಗಿ ಆಡುತ್ತೀ ಅಂದ. ಇವಳನ್ನು ಬಿದ್ದಾಗ ಎಬ್ಬಿಸಿದ. ಆಮೇಲೆ ಕೇಳಿದ, ಕಹಾಂ ಸೇ ಹೋ. ಎಲ್ಲಿಯವಳು.

ಹುಡುಗಿ ನನ್ನ ಕಡೆ ನೋಡಿದಳು. ನಾನು ಹಿಟ್ಟಿನ ಕೈಯಲ್ಲೇ ಅಂದೆ.

“ಕಲ್ಯಾಣ ಅನ್ನು.”

“ಕಲ್ಯಾಣ್,” ಅಂದಳು.

ಅವನು ನಕ್ಕ. ಅದು ಸರಿ, ಅದಕ್ಕೂ ಮೊದಲು ಎಲ್ಲಿ, ನಿಮ್ಮ ಮೂಲ ಊರು ಯಾವುದು ಅಂದ. ಸುಮ್ಮನೆ ಕೇಳಿದ್ದಿರಬೇಕು. ಎಲ್ಲರೂ ಕೇಳುತ್ತಾರೆ.

ಅವಳು ಫೋನನ್ನು ಬಾಯಿಯ ಹತ್ತಿರ ತಂದಳು.

“ನಿನ್ನ ಕೈ ಸೇದಿ ಹೋಗಲಿ, ಭಾಡ್ಯಾ. ನಿನ್ನ ಬಾಯಾಗ ಮಣ್ಣ ಬೀಳಲಿ.”

ಕೊನೆಯ ಮಾತು ಎಳೆದಳು. ಅವನು ಕ್ಯಾ ಅಂದ, ಕ್ಯಾ ಬೋಲಾ ಅಂದ, ಏನಂದೆ ಅಂತ. ಗೋಡೆಯಾಚೆ ಉಡುಪಿಯವಳ ಪಾತ್ರೆಯ ಸದ್ದು ನಿಂತಿತು. ಇವನಲ್ಲದಿದ್ದರೆ ಮಾತು ತಿಳಿಯುವ ಇನ್ನೊಬ್ಬ ಸಿಗುತ್ತಾನೆ, ಈ ಐಡಿಯೂ ಉಳಿಯುವುದಿಲ್ಲ ಅಂತ ನನಗೆ ಅನ್ನಿಸಿತು. ಬೇಡ ಅನ್ನದೆ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದೆ.